ಉಸಿರಿನ ಹನಿಗಳು

ಹಂಚಿನ ಮನೆಯ ಮಾಡಿನ ಸಂದಿಯಿಂದ ಬೆಳಗಿನ ಹೊತ್ತು ಒಂದು ಬಿಸಿಲುಕೋಲು ಒಳಗೆ ಇಳಿಯುತ್ತದೆ. ಅದುವರೆಗೆ ಬರಿದಾಗಿ ತೋರುತ್ತಿದ್ದ ಕೋಣೆಯ ಗಾಳಿಯಲ್ಲಿ ಆಗ ಅಸಂಖ್ಯಾತವಾದ ಕಣಗಳು ಹೊಳೆಯುತ್ತ, ಏರುತ್ತ, ಇಳಿಯುತ್ತ, ಸುಳಿಯುತ್ತ ಕಾಣಿಸಿಕೊಳ್ಳುತ್ತವೆ. ಬಿಸಿಲು ಸರಿದೊಡನೆ ಅವು ಮಾಯವಾದಂತೆ ತೋರುತ್ತವೆ. ಆದರೆ ಕಣಗಳು ಎಲ್ಲಿಗೂ ಹೋಗಿರುವುದಿಲ್ಲ. ಅವು ಮೊದಲಿನಂತೆಯೇ ತೇಲುತ್ತಿರುತ್ತವೆ. ನೋಡುವ ಕಣ್ಣಿಗೆ ಬೆಳಕಿನ ನೆರವು ತಪ್ಪಿರುತ್ತದೆ, ಅಷ್ಟೆ.

ಹೀಗೆ ಕಾಣದೆ ತೇಲುವ ವಸ್ತುಗಳಲ್ಲಿ ಮಣ್ಣಿನ ಧೂಳು, ಹೊಗೆಯ ಮಸಿ, ಹೂವಿನ ಪರಾಗ, ಬಟ್ಟೆಯ ಎಳೆ ಮುಂತಾದವುಗಳ ಜೊತೆಗೆ ಇನ್ನೊಂದು ಬಗೆಯ ಕಣವೂ ಉಂಟು. ಅದು ಮನುಷ್ಯನ ಉಸಿರಿನೊಡನೆ ಹೊರಬಂದದ್ದು. ಮನುಷ್ಯನು ಕುಡಿಯುವ ನೀರನ್ನು ಸೋಸಿ ಕುಡಿಯಬಲ್ಲನು. ಹಳಸಿದ ಅನ್ನವನ್ನು ಬೇಡವೆಂದು ಬದಿಗಿಡಬಲ್ಲನು. ಆದರೆ ಉಸಿರಾಡುವ ಗಾಳಿಯನ್ನು ಆರಿಸಿಕೊಳ್ಳುವ ಸ್ವಾತಂತ್ರ್ಯ ಅವನಿಗಿಲ್ಲ. ದಿನವೊಂದಕ್ಕೆ ಸುಮಾರು 10,000 ಲೀಟರುಗಳಷ್ಟು ಗಾಳಿ ಬೆಳೆದವರ ಶ್ವಾಸಕೋಶಗಳನ್ನು ಹೊಕ್ಕು ಹೊರಬರುತ್ತದೆ. ಮುಚ್ಚಿದ ಕೋಣೆಯಲ್ಲಿ ಹತ್ತು ಜನ ಕುಳಿತರೆ ಒಬ್ಬನ ಎದೆಯಿಂದ ಹೊರಟ ಗಾಳಿಯೇ ಇನ್ನೊಬ್ಬನ ಎದೆಯನ್ನು ಸೇರುತ್ತದೆ. ಊರಿನ ಕೆರೆಯಂತೆ ಕೋಣೆಯ ಗಾಳಿಯೂ ಎಲ್ಲರಿಗೂ ಸೇರಿದ ಆಸ್ತಿ. ಕೆರೆಯ ನೀರು ಕೆಟ್ಟರೆ ಕಣ್ಣಿಗೆ ಕಾಣಬಹುದು, ಮೂಗಿಗೆ ತಿಳಿಯಬಹುದು. ಗಾಳಿಯಲ್ಲಿ ಬೆರೆತ ರೋಗಬೀಜವು ಇವೆರಡಕ್ಕೂ ಸಿಕ್ಕುವುದಿಲ್ಲ. ಆದುದರಿಂದಲೇ ಅದರ ಗುಟ್ಟನ್ನು ಅರಿಯಲು ಮಾನವನಿಗೆ ಬಹಳ ಕಾಲ ಹಿಡಿಯಿತು. ಅರಿತ ಮೇಲೂ ಅದನ್ನು ಒಪ್ಪಿಕೊಳ್ಳಲು ಇನ್ನೂ ಹೆಚ್ಚು ಕಾಲ ಹಿಡಿಯಿತು.

ಗಾಳಿಯಿಂದ ರೋಗ ಬರುತ್ತದೆಂಬ ನಂಬಿಕೆ ಬಹು ಹಳೆಯದು. ಕೊಳೆತ ವಸ್ತುಗಳಿಂದಲೂ ಜೌಗು ನೆಲದಿಂದಲೂ ಏಳುವ ದುರ್ಗಂಧವೇ ಸಾಂಕ್ರಾಮಿಕ ರೋಗಗಳ ಮೂಲವೆಂದು ಯೂರೋಪಿನ ವೈದ್ಯರು ಶತಮಾನಗಳ ಕಾಲ ನಂಬಿದ್ದರು. ಮಲೇರಿಯ ಎಂಬ ಮಾತಿಗೆ ಇಟಲಿಯ ಭಾಷೆಯಲ್ಲಿ ‘ಕೆಟ್ಟ ಗಾಳಿ’ ಎಂದೇ ಅರ್ಥ. 1854ರಲ್ಲಿ ಲಂಡನ್ನಿನಲ್ಲಿ ಕಾಲರಾ ಹರಡಿದಾಗ ಜಾನ್ ಸ್ನೋ ಎಂಬ ವೈದ್ಯನು ಅದರ ಜಾಡನ್ನು ಹಿಡಿದು ಹೋಗಿ, ರೋಗಕ್ಕೆ ಕಾರಣವು ಬೀದಿಯ ಒಂದು ಕೈಪಂಪಿನ ನೀರೆಂದು ತೋರಿಸಿಕೊಟ್ಟನು. ಮುಂದೆ ಮಲೇರಿಯಕ್ಕೆ ಸೊಳ್ಳೆ ಕಾರಣವೆಂಬುದು ತಿಳಿಯಿತು. ‘ಕೆಟ್ಟ ಗಾಳಿ’ಯ ವಾದವು ಹೀಗೆ ಒಂದೊಂದಾಗಿ ತನ್ನ ನೆಲೆಗಳನ್ನು ಕಳೆದುಕೊಂಡಿತು.

ಇದೇ ಕಾಲದಲ್ಲಿ ಗಾಳಿಯಲ್ಲಿ ಜೀವಾಣುಗಳಿರುವುದು ಮಾತ್ರ ನಿಜವೆಂದು ಲೂಯಿ ಪಾಶ್ಚರನು ಪ್ರಯೋಗದಿಂದ ತೋರಿಸಿದನು. 1860ರಲ್ಲಿ ಅವನು ಕುದಿಸಿದ ಪೌಷ್ಟಿಕ ದ್ರವವನ್ನು ತುಂಬಿ ಬಾಯಿ ಬೆಸೆದ ಗಾಜಿನ ಬುರುಡೆಗಳನ್ನು ಬೇರೆ ಬೇರೆ ಎಡೆಗಳಿಗೆ ಒಯ್ದು, ಅಲ್ಲಲ್ಲಿ ತೆರೆದು ಗಾಳಿಯನ್ನು ಒಳಬಿಟ್ಟು ಮತ್ತೆ ಬೆಸೆದನು. ಬಯಲು ಸೀಮೆಯ ಹಳ್ಳಿಗಾಡಿನಲ್ಲಿ ತೆರೆದ 20 ಬುರುಡೆಗಳಲ್ಲಿ 8 ಕೆಟ್ಟವು. ಆಲ್ಪ್ಸ್ ಪರ್ವತದ ಹಿಮನದಿಯ ಮೇಲೆ ತೆರೆದ 20ರಲ್ಲಿ ಕೆಟ್ಟದ್ದು ಒಂದೇ ಒಂದು. ಗಾಳಿ ಎಲ್ಲೆಡೆಯೂ ಒಂದೇ. ಅದರಲ್ಲಿ ತೇಲುವ ಜೀವಾಣುಗಳು ಮಾತ್ರ ಒಂದೆಡೆ ಹೆಚ್ಚು, ಇನ್ನೊಂದೆಡೆ ಕಡಮೆ ಎಂಬುದು ಇದರಿಂದ ಸ್ಪಷ್ಟವಾಯಿತು.

1882ರಲ್ಲಿ ರಾಬರ್ಟ್ ಕಾಕ್ ಎಂಬ ಜರ್ಮನ್ ವಿಜ್ಞಾನಿಯು ಕ್ಷಯರೋಗದ ಕ್ರಿಮಿಯನ್ನು ಕಂಡುಹಿಡಿದನು. ಆ ಕ್ರಿಮಿಯು ಒಬ್ಬರಿಂದ ಇನ್ನೊಬ್ಬರಿಗೆ ಸಾಗುವ ಬಗೆ ಹೇಗೆಂಬ ಪ್ರಶ್ನೆ ಆಗ ಎದ್ದಿತು. 1897ರಲ್ಲಿ ಅದೇ ದೇಶದ ಕಾರ್ಲ್ ಫ್ಲುಗ್ಗೆ ಒಂದು ಸರಳವಾದ ಉಪಾಯದಿಂದ ಇದಕ್ಕೆ ಉತ್ತರವನ್ನು ಹುಡುಕಿದನು. ಕೆಂಪು ಬಣ್ಣದ ಗುಂಪುಗಳಾಗಿ ಬೆಳೆಯುವ ಒಂದು ಜಾತಿಯ ಬ್ಯಾಕ್ಟೀರಿಯವುಂಟು. ಅದಿರುವ ದ್ರವದಿಂದ ಬಾಯಿ ಮುಕ್ಕಳಿಸಿದವರು ಕೋಣೆಯಲ್ಲಿ ಮಾತನಾಡಿದರು, ಕೆಮ್ಮಿದರು. ಸುತ್ತ ಇರಿಸಿದ್ದ ತಟ್ಟೆಗಳಲ್ಲಿ ಅನಂತರ ಕೆಂಪು ಚುಕ್ಕೆಗಳು ಮೂಡಿದವು. ಮಾತನಾಡುವಾಗ ಬಾಯಿಂದ ಕಾಣದ ಹನಿಗಳು ಚಿಮ್ಮುತ್ತವೆ, ಅವುಗಳ ಮೇಲೇರಿ ಕ್ರಿಮಿಗಳು ಪಯಣ ಮಾಡುತ್ತವೆ ಎಂಬುದು ಇದರಿಂದ ಸಿದ್ಧವಾಯಿತು.

ಫ್ಲುಗ್ಗೆಯು ಹೇಳಿದ ಹನಿಗಳಲ್ಲಿ ದೊಡ್ಡವೂ ಇದ್ದವು, ಬಹು ಹೊತ್ತು ತೇಲುವಷ್ಟು ಸಣ್ಣವೂ ಇದ್ದವು. ಮುಂದಿನವರು ದೊಡ್ಡ ಹನಿಗಳನ್ನು ನೆನಪಿನಲ್ಲಿಟ್ಟುಕೊಂಡು ಸಣ್ಣವನ್ನು ಮರೆತರು. ಇದಕ್ಕೆ ಮುಖ್ಯ ಕಾರಣನಾದವನು ಅಮೆರಿಕದ ಪ್ರಾವಿಡೆನ್ಸ್ ನಗರದ ಆರೋಗ್ಯಾಧಿಕಾರಿ ಚಾರ್ಲ್ಸ್ ಚಾಪಿನ್. ಅವನು ದಕ್ಷನೂ ಪ್ರಾಮಾಣಿಕನೂ ಆದ ಅಧಿಕಾರಿ. ದುರ್ಗಂಧವೇ ರೋಗವೆಂದು ನಂಬಿದ ಜನ ಕೈ ತೊಳೆಯುವುದನ್ನೂ ಶುಚಿತ್ವವನ್ನೂ ಅಲಕ್ಷಿಸುತ್ತಾರೆಂಬುದು ಅವನ ಕೊರಗು. 1910ರಲ್ಲಿ ಪ್ರಕಟವಾದ ತನ್ನ ಗ್ರಂಥದಲ್ಲಿ ಅವನು, ರೋಗವು ಹರಡುವುದು ಬಹುಮಟ್ಟಿಗೆ ಸ್ಪರ್ಶದಿಂದಲೂ ಹತ್ತಿರಕ್ಕೆ ಸಿಡಿಯುವ ಹನಿಗಳಿಂದಲೂ ಎಂದು ವಾದಿಸಿದನು. ರೋಗಿಯ ಹತ್ತಿರವಿರುವವರಿಗೆ ರೋಗ ಹೆಚ್ಚಾಗಿ ತಗಲುತ್ತದೆಂಬುದು ಅವನ ಬಲವಾದ ಆಧಾರ. ಅವನ ಮಾತಿನಲ್ಲಿ ಸತ್ಯಾಂಶವಿತ್ತು. ಆದರೆ ಆ ಸತ್ಯಾಂಶವನ್ನೇ ಪೂರ್ಣ ಸತ್ಯವೆಂದು ವೈದ್ಯಪ್ರಪಂಚವು ಎತ್ತಿಹಿಡಿಯಿತು. ಗಾಳಿಯಿಂದ ರೋಗ ಹರಡುತ್ತದೆ ಎನ್ನುವವರನ್ನು ಹಳೆಯ ಮೂಢನಂಬಿಕೆಗೆ ಮರಳುವವರೆಂದು ಎಣಿಸುವ ಕಾಲವೂ ಬಂದಿತು.

ಇಂತಹ ಸಮಯದಲ್ಲಿ ಹಾರ್ವರ್ಡ್ ವಿಶ್ವವಿದ್ಯಾನಿಲಯದಲ್ಲಿ ನೈರ್ಮಲ್ಯ ವಿಜ್ಞಾನವನ್ನು ಬೋಧಿಸುತ್ತಿದ್ದ ವಿಲಿಯಮ್ ಫರ್ತ್ ವೆಲ್ಸ್ ಎಂಬಾತನು ಒಂದು ಸಾಮಾನ್ಯ ಪ್ರಶ್ನೆಯನ್ನು ಕೇಳಿಕೊಂಡನು. ಬಾಯಿಂದ ಹೊರಬಿದ್ದ ಹನಿ ಆಮೇಲೆ ಏನಾಗುತ್ತದೆ? ನೆಲಕ್ಕೆ ಬೀಳುತ್ತದೆ ಎಂಬುದು ಎಲ್ಲರ ಉತ್ತರ. ವೆಲ್ಸ್ ಅಷ್ಟಕ್ಕೆ ತೃಪ್ತನಾಗಲಿಲ್ಲ. ಹನಿಯು ಬೀಳುತ್ತಿರುವಾಗಲೇ ಆರುತ್ತಲೂ ಇರುತ್ತದೆ. ಬೀಳುವುದು ಮೊದಲೋ, ಆರುವುದು ಮೊದಲೋ ಎಂಬುದನ್ನು ಅವನು ಲೆಕ್ಕ ಹಾಕಿ ನೋಡಿದನು. 1934ರಲ್ಲಿ ಪ್ರಕಟವಾದ ಅವನ ಲೆಕ್ಕವೇ ಈ ಶಾಸ್ತ್ರದ ಅಡಿಗಲ್ಲು.

ಆ ಲೆಕ್ಕವನ್ನು ತಿಳಿಯಲು ಒಂದು ಅಳತೆಯ ಪರಿಚಯ ಬೇಕು. ಒಂದು ಮಿಲಿಮೀಟರನ್ನು ಸಾವಿರ ಪಾಲು ಮಾಡಿದರೆ ಅದರಲ್ಲಿ ಒಂದು ಪಾಲಿಗೆ ಮೈಕ್ರಾನ್ ಎಂದು ಹೆಸರು. ಮನುಷ್ಯನ ತಲೆಗೂದಲಿನ ದಪ್ಪ ಸುಮಾರು 70 ಮೈಕ್ರಾನ್. 100 ಮೈಕ್ರಾನಿಗಿಂತ ದೊಡ್ಡದಾದ ಹನಿಯು ತನ್ನ ಭಾರದಿಂದ ಐದಾರು ಸೆಕೆಂಡುಗಳೊಳಗಾಗಿ ನೆಲವನ್ನು ಸೇರುತ್ತದೆ. ಅದಕ್ಕಿಂತ ಸಣ್ಣ ಹನಿಯು ನೆಲವನ್ನು ಮುಟ್ಟುವ ಮೊದಲೇ ಅದರ ನೀರೆಲ್ಲ ಆವಿಯಾಗಿ ಹೋಗುತ್ತದೆ. ಉಳಿಯುವುದು ಹನಿಯಲ್ಲಿದ್ದ ಉಪ್ಪು, ಲೋಳೆಯ ಅಂಶ, ಮತ್ತು ಅದರಲ್ಲಿ ಸಿಲುಕಿದ್ದ ರೋಗಾಣು. ಹೀಗೆ ಒಣಗಿ ಕುಗ್ಗಿದ ತಿರುಳನ್ನು ವೆಲ್ಸ್ ‘ಹನಿಬೀಜ’ ಎಂಬರ್ಥ ಬರುವ ಹೆಸರಿನಿಂದ ಕರೆದನು. ಇದು ನೆಲಕ್ಕೆ ಬೀಳದು, ಗಾಳಿಯ ಪಾಲಾಗುತ್ತದೆ.

ಸುಗ್ಗಿಯ ಕಾಲದಲ್ಲಿ ಕಣದಲ್ಲಿ ರಾಶಿಯನ್ನು ತೂರುವುದನ್ನು ಕಂಡವರಿಗೆ ಇದು ಸುಲಭವಾಗಿ ಅರ್ಥವಾಗುತ್ತದೆ. ಮೊರದಿಂದ ಸುರಿದಾಗ ಕಾಳು ಕಾಲಬುಡದಲ್ಲಿಯೇ ರಾಶಿಯಾಗುತ್ತದೆ. ಹೊಟ್ಟು ಗಾಳಿ ಬೀಸಿದೆಡೆಗೆ ಹಾರುತ್ತದೆ. ಉಸಿರಿನ ಹನಿಗಳೂ ಹೀಗೆಯೇ. ನಿಶ್ಚಲವಾದ ಗಾಳಿಯಲ್ಲಿ ಒಂದೂವರೆ ಮೀಟರ್ ಎತ್ತರದಿಂದ ನೆಲಕ್ಕಿಳಿಯಲು 10 ಮೈಕ್ರಾನಿನ ಕಣಕ್ಕೆ ಸುಮಾರು ಎಂಟು ನಿಮಿಷ ಬೇಕು. 5 ಮೈಕ್ರಾನಿನ ಕಣಕ್ಕೆ ಅರ್ಧ ಗಂಟೆ ಬೇಕು. 1 ಮೈಕ್ರಾನಿನ ಕಣಕ್ಕಾದರೋ ಸುಮಾರು ಹನ್ನೆರಡು ಗಂಟೆ ಬೇಕು. ಆದರೆ ಜನರಿರುವ ಕೋಣೆಯ ಗಾಳಿ ಎಂದಿಗೂ ನಿಶ್ಚಲವಾಗಿರುವುದಿಲ್ಲ. ಮೈಯ ಬಿಸಿಗೆ ಅದು ಮೇಲೇಳುತ್ತದೆ. ನಡೆದಾಡುವವರ ಹಿಂದೆ ಸುಳಿಯುತ್ತದೆ. ಬೀಸಣಿಗೆಯ ಕೆಳಗೆ ಸುತ್ತುತ್ತದೆ. ಆದುದರಿಂದ ಈ ಕಣಗಳು ಇನ್ನೂ ಹೆಚ್ಚು ಹೊತ್ತು ತೇಲಬಲ್ಲವು.

ಈ ಹನಿಗಳು ದೇಹದೊಳಗೆ ಹುಟ್ಟುವುದು ಮುಖ್ಯವಾಗಿ ಮೂರು ಎಡೆಗಳಲ್ಲಿ. ಶ್ವಾಸಕೋಶದ ಆಳದಲ್ಲಿ ಕೂದಲೆಳೆಯಂತಹ ಕಿರುನಾಳಗಳಿವೆ. ಉಸಿರು ಬಿಟ್ಟಾಗ ಅವುಗಳಲ್ಲಿ ಕೆಲವು ಮುಚ್ಚಿಕೊಳ್ಳುತ್ತವೆ. ಮತ್ತೆ ಉಸಿರೆಳೆದಾಗ ಅವು ತೆರೆದುಕೊಳ್ಳುವಾಗ ಒಳಗಿನ ತೇವದ ಪೊರೆ ಸಾಬೂನಿನ ಗುಳ್ಳೆಯಂತೆ ಒಡೆದು ಅತಿ ಸಣ್ಣ ಹನಿಗಳಾಗುತ್ತದೆ. ಎರಡನೆಯದು ಗಂಟಲಿನ ಧ್ವನಿಪೆಟ್ಟಿಗೆ. ಮಾತನಾಡುವಾಗ ಅಲ್ಲಿನ ಧ್ವನಿತಂತುಗಳು ಸೆಕೆಂಡಿಗೆ ನೂರಾರು ಸಲ ಬಡಿದುಕೊಂಡು ತಮ್ಮ ಮೇಲಿನ ತೇವವನ್ನು ಚದರಿಸುತ್ತವೆ. ಮೂರನೆಯದು ನಾಲಗೆ, ಹಲ್ಲು, ತುಟಿಗಳ ನಡುವಣ ಜೊಲ್ಲು. ದೊಡ್ಡ ಹನಿಗಳು ಹೆಚ್ಚಾಗಿ ಹೊರಡುವುದು ಇಲ್ಲಿಂದಲೇ. ಸುಮ್ಮನೆ ಉಸಿರಾಡುವವನಿಗಿಂತ ಮಾತನಾಡುವವನು ಅನೇಕ ಪಟ್ಟು ಹೆಚ್ಚು ಕಣಗಳನ್ನು ಹೊರಸೂಸುತ್ತಾನೆ. ದನಿ ಏರಿದಂತೆಲ್ಲ, ಹಾಡಿಗೆ ತೊಡಗಿದಂತೆಲ್ಲ ಅವು ಇನ್ನೂ ಹೆಚ್ಚುತ್ತವೆ. ಕೆಮ್ಮು ಸೀನುಗಳಿಲ್ಲದೆಯೂ ರೋಗ ಹರಡಬಹುದೆಂಬುದು ಇದರ ತಾತ್ಪರ್ಯ.

ಒಳಹೊಕ್ಕ ಕಣವು ಎಲ್ಲಿ ನೆಲಸುತ್ತದೆಂಬುದೂ ಅದರ ಗಾತ್ರವನ್ನೇ ಅವಲಂಬಿಸಿದೆ. ದೊಡ್ಡವು ಮೂಗಿನಲ್ಲಿಯೂ ಗಂಟಲಿನಲ್ಲಿಯೂ ಅಂಟಿಕೊಳ್ಳುತ್ತವೆ. ಸುಮಾರು 5 ಮೈಕ್ರಾನಿಗಿಂತ ಸಣ್ಣವು ಶ್ವಾಸಕೋಶದ ತುದಿಯಲ್ಲಿರುವ ವಾಯುಕೋಶಗಳವರೆಗೂ ಇಳಿಯಬಲ್ಲವು. ಕ್ಷಯದ ಕ್ರಿಮಿಯು ಬೇರೂರಬೇಕಾದರೆ ಅದು ಸಾಮಾನ್ಯವಾಗಿ ಈ ವಾಯುಕೋಶವನ್ನೇ ತಲಪಬೇಕು. ಆದುದರಿಂದ ಅದು ಬರಬೇಕಾದದ್ದು ಹನಿಬೀಜದ ವಾಹನದಲ್ಲಿಯೇ.

ವೆಲ್ಸನ ಲೆಕ್ಕವು ಎಷ್ಟೇ ಸಮರ್ಪಕವಾಗಿದ್ದರೂ ಲೆಕ್ಕದಿಂದ ವೈದ್ಯರು ಒಪ್ಪುವಂತಿರಲಿಲ್ಲ. ಅವನೂ, ವೈದ್ಯೆಯಾಗಿದ್ದ ಅವನ ಪತ್ನಿ ಮಿಲ್ಡ್ರೆಡ್ ವೆಲ್ಸ್ ಎಂಬಾಕೆಯೂ ಫಿಲಡೆಲ್ಫಿಯ ಪ್ರದೇಶದ ಶಾಲೆಗಳಲ್ಲಿ ಒಂದು ಪ್ರಯೋಗವನ್ನು ಕೈಗೊಂಡರು. ಕ್ರಿಮಿಗಳನ್ನು ಕೊಲ್ಲುವ ನೇರಳಾತೀತ ಕಿರಣದ ದೀಪಗಳನ್ನು ಮಕ್ಕಳ ಕಣ್ಣಿಗೆ ತಾಗದಂತೆ ತರಗತಿಯ ಗೋಡೆಯ ಮೇಲ್ಭಾಗದಲ್ಲಿ ಅಳವಡಿಸಿದರು. 1941ರಲ್ಲಿ ಆ ಪ್ರದೇಶದಲ್ಲಿ ದಡಾರದ ಪಿಡುಗು ಎದ್ದಿತು. ದೀಪಗಳಿದ್ದ ತರಗತಿಗಳಲ್ಲಿ ರೋಗವು ಇತರ ಕಡೆಗಳಿಗಿಂತ ಬಹಳ ಕಡಮೆಯಾಗಿ ಹರಡಿತು. ಆದರೆ ಬೇರೆಯವರು ಬೇರೆ ಊರುಗಳಲ್ಲಿ ಇದೇ ಪ್ರಯೋಗವನ್ನು ಮಾಡಿದಾಗ ಫಲ ಅಷ್ಟು ಸ್ಪಷ್ಟವಾಗಿರಲಿಲ್ಲ. ಮಕ್ಕಳು ಶಾಲೆಯ ಬಸ್ಸುಗಳಲ್ಲಿಯೂ ಇತರ ಎಡೆಗಳಲ್ಲಿಯೂ ಒಂದುಗೂಡುತ್ತಿದ್ದರು. ದೀಪದ ಕಾವಲು ತರಗತಿಗಷ್ಟೇ ಇತ್ತು. ವೆಲ್ಸನ ವಾದವನ್ನು ಶಂಕಿಸುವವರಿಗೆ ಇದು ಅನುಕೂಲವಾಯಿತು.

ಶಂಕೆಯನ್ನು ಕಳೆಯಲು ಒಂದು ಮಾರ್ಗವಿತ್ತು. ರೋಗಿಗಳು ಉಸಿರಾಡಿದ ಗಾಳಿಯ ಹೊರತು ಬೇರಾವ ಸಂಬಂಧವೂ ಇಲ್ಲದ ಜೀವಿಗಳಿಗೆ ರೋಗ ತಗಲುವುದೇ ಎಂದು ನೋಡಬೇಕು. ವೆಲ್ಸನ ಶಿಷ್ಯನಾದ ರಿಚರ್ಡ್ ರೈಲಿ ಎಂಬ ವೈದ್ಯನ ನೇತೃತ್ವದಲ್ಲಿ 1950ರ ದಶಕದ ಉತ್ತರಾರ್ಧದಲ್ಲಿ ಬಾಲ್ಟಿಮೋರ್ ನಗರದ ಮಾಜಿ ಸೈನಿಕರ ಆಸ್ಪತ್ರೆಯೊಂದರಲ್ಲಿ ಇದಕ್ಕೆ ಏರ್ಪಾಡಾಯಿತು. ಆರು ಮಂದಿ ಕ್ಷಯರೋಗಿಗಳಿಗೆ ಸ್ಥಳವಿದ್ದ ಒಂದು ವಾರ್ಡನ್ನು ಗಾಳಿ ಸೋರದಂತೆ ಭದ್ರಪಡಿಸಿದರು. ಅಲ್ಲಿನ ಗಾಳಿಯನ್ನೆಲ್ಲ ಕೊಳವೆಗಳ ಮೂಲಕ ಮೇಲಿನ ಒಂದು ಕೋಣೆಗೆ ಹರಿಯಿಸಿದರು. ಆ ಕೋಣೆಯಲ್ಲಿ ಗಿನಿಹಂದಿಗಳನ್ನು ಸಾಕಿದರು. ಕ್ಷಯದ ಕ್ರಿಮಿಗೆ ಬಹು ಸುಲಭವಾಗಿ ತುತ್ತಾಗುವ ಪ್ರಾಣಿ ಅದು. ಕೆಳಗಿನ ರೋಗಿಗಳನ್ನು ಅವು ಕಂಡಿಲ್ಲ, ಮುಟ್ಟಿಲ್ಲ. ಅವರ ತಟ್ಟೆ ಬಟ್ಟೆಗಳ ಬಳಿಗೂ ಹೋಗಿಲ್ಲ. ದೊಡ್ಡ ಹನಿಗಳು ಅಷ್ಟು ದೂರ ಕೊಳವೆಯಲ್ಲಿ ಏರಿಬರುವುದು ಸಾಧ್ಯವಿರಲಿಲ್ಲ.

ಎರಡು ವರ್ಷಗಳ ಕಾಲ ಈ ಪರೀಕ್ಷೆ ನಡೆಯಿತು. ಯಾವ ಸಮಯದಲ್ಲಿ ನೋಡಿದರೂ ಸರಾಸರಿ 156 ಗಿನಿಹಂದಿಗಳು ಅಲ್ಲಿದ್ದವು. ತಿಂಗಳಿಗೆ ಸುಮಾರು ಮೂರರಂತೆ ಒಟ್ಟು 71 ಪ್ರಾಣಿಗಳಿಗೆ ಕ್ಷಯ ತಗಲಿತು. ಪ್ರಾಣಿಗಳಲ್ಲಿ ಕಂಡ ಕ್ರಿಮಿಗಳನ್ನು ರೋಗಿಗಳ ಕ್ರಿಮಿಗಳೊಡನೆ ಹೋಲಿಸಿದಾಗ ಹಲವು ಸಂದರ್ಭಗಳಲ್ಲಿ ಯಾವ ರೋಗಿಯಿಂದ ಬಂದುದೆಂಬುದನ್ನೂ ಗುರುತಿಸುವುದು ಸಾಧ್ಯವಾಯಿತು. ಆದರೂ ಸಂದೇಹಗಾರರು ಪ್ರಾಣಿಗಳ ಮೇವಿನಿಂದಲೋ ನೀರಿನಿಂದಲೋ ರೋಗ ಬಂದಿರಬಹುದೆಂದು ಹೇಳಬಹುದಾಗಿತ್ತು. ಅದಕ್ಕೂ ಉತ್ತರ ಸಿದ್ಧವಾಯಿತು. ಮುಂದಿನ ಪರೀಕ್ಷೆಯಲ್ಲಿ ಎರಡು ಕೋಣೆಗಳಲ್ಲಿ ಗಿನಿಹಂದಿಗಳನ್ನಿರಿಸಿ, ಒಂದು ಕೋಣೆಗೆ ಹೋಗುವ ಗಾಳಿಯ ಮೇಲೆ ನೇರಳಾತೀತ ಕಿರಣಗಳನ್ನು ಹಾಯಿಸಿದರು. ಆ ಕೋಣೆಯಲ್ಲಿ ಒಂದು ಪ್ರಾಣಿಗೂ ರೋಗ ತಗಲಲಿಲ್ಲ. ಇನ್ನೊಂದು ಕೋಣೆಯಲ್ಲಿ ಮೊದಲಿನಂತೆಯೇ ತಗಲುತ್ತಹೋಯಿತು. 1962ರಲ್ಲಿ ಈ ಫಲಿತಾಂಶ ಪ್ರಕಟವಾಯಿತು. ಮರುವರ್ಷವೇ ವೆಲ್ಸ್ ತೀರಿಕೊಂಡನು.

ಈ ಪರೀಕ್ಷೆಗಳಿಂದ ಇನ್ನೆರಡು ಸಂಗತಿಗಳು ಬೆಳಕಿಗೆ ಬಂದವು. ಎಲ್ಲ ರೋಗಿಗಳೂ ಒಂದೇ ಪ್ರಮಾಣದಲ್ಲಿ ರೋಗವನ್ನು ಹರಡುವುದಿಲ್ಲ. ಬಹುಪಾಲು ಸೋಂಕು ಕೆಲವೇ ರೋಗಿಗಳಿಂದ ಬಂದಿತ್ತು. ಸರಿಯಾದ ಔಷಧವನ್ನು ಸೇವಿಸತೊಡಗಿದ ರೋಗಿಯಿಂದ ಸೋಂಕು ಬಹುಬೇಗ ಇಳಿದುಹೋಗುತ್ತದೆಂಬುದು ಎರಡನೆಯದು.

ಕ್ಷಯವು ಗಾಳಿಯಿಂದ ಹರಡುವ ರೋಗವೆಂಬುದನ್ನು ವೈದ್ಯಶಾಸ್ತ್ರವು ಇದಾದ ಮೇಲೆ ಒಪ್ಪಿತು. ಆದರೆ ಆ ಒಪ್ಪಿಗೆಯೊಡನೆಯೇ ಒಂದು ತಪ್ಪೂ ನುಸುಳಿಕೊಂಡಿತು. ಗಾಳಿಯಲ್ಲಿ ತೇಲುವ ಹನಿಗೂ ನೆಲಕ್ಕೆ ಬೀಳುವ ಹನಿಗೂ ನಡುವಣ ಗಡಿ 100 ಮೈಕ್ರಾನ್ ಎಂದು ವೆಲ್ಸ್ ಹೇಳಿದ್ದನು. ಕ್ಷಯದ ಅಧ್ಯಯನದಲ್ಲಿ ಬಂದ 5 ಮೈಕ್ರಾನ್ ಎಂಬುದು ಶ್ವಾಸಕೋಶದ ಆಳಕ್ಕೆ ಇಳಿಯಬಲ್ಲ ಕಣದ ಅಳತೆ. ಈ ಎರಡು ಅಂಕಿಗಳು ಕಾಲಕ್ರಮದಲ್ಲಿ ಕಲಸಿಹೋದವು. 5 ಮೈಕ್ರಾನಿಗಿಂತ ದೊಡ್ಡದಾದ ಹನಿಗಳೆಲ್ಲ ಒಂದೆರಡು ಮೀಟರುಗಳೊಳಗೆ ನೆಲಕ್ಕೆ ಬೀಳುತ್ತವೆಂದು ವೈದ್ಯಕೀಯ ಗ್ರಂಥಗಳು ಬರೆದವು. ಒಂದನ್ನು ನೋಡಿ ಇನ್ನೊಂದು ನಕಲು ಮಾಡಿತು. ಹೀಗೆ ದಶಕಗಳೇ ಉರುಳಿದವು. ಈ ತಪ್ಪಿನ ಜಾಡನ್ನು ಅಮೆರಿಕದ ವಿಜ್ಞಾನಿ ಲಿನ್ಸೀ ಮಾರ್ ಮತ್ತು ಅವರ ಸಂಗಡಿಗರು ಹಳೆಯ ಗ್ರಂಥಗಳನ್ನು ಶೋಧಿಸಿ 2021ರಲ್ಲಿ ಬಯಲಿಗೆ ತಂದರು.

ತಪ್ಪನ್ನು ತಿದ್ದಿಕೊಳ್ಳುವ ಅವಕಾಶಗಳು ಅದಕ್ಕೆ ಮೊದಲೇ ಬಂದಿದ್ದವು. 1974ರಲ್ಲಿ ನ್ಯೂಯಾರ್ಕ್ ರಾಜ್ಯದ ಒಂದು ಪ್ರಾಥಮಿಕ ಶಾಲೆಯಲ್ಲಿ ಎರಡನೆಯ ತರಗತಿಯ ಒಬ್ಬ ಬಾಲಕಿಗೆ ದಡಾರ ಬಂದಿತು. ಅವಳಿಂದ 28 ಮಕ್ಕಳಿಗೆ ಅದು ತಗಲಿತು. ಆ ಮಕ್ಕಳು ಒಂದೇ ತರಗತಿಯವರಾಗಿರಲಿಲ್ಲ. 14 ಬೇರೆ ಬೇರೆ ಕೋಣೆಗಳಲ್ಲಿ ಕುಳಿತವರು. ಅನೇಕರು ಅವಳೊಡನೆ ಒಂದೇ ಕೋಣೆಯಲ್ಲಿ ಕುಳಿತವರೇ ಅಲ್ಲ. ಕಟ್ಟಡದ ಗಾಳಿಯನ್ನೇ ಮತ್ತೆ ಮತ್ತೆ ಸುತ್ತಿಸುತ್ತಿದ್ದ ಯಂತ್ರವು ರೋಗವನ್ನು ಕೋಣೆಯಿಂದ ಕೋಣೆಗೆ ಸಾಗಿಸಿತ್ತು.

ಚಾಪಿನ್ನನ ಬಲವಾದ ಆಧಾರವನ್ನು ಇಲ್ಲಿ ಮತ್ತೊಮ್ಮೆ ಪರಿಶೀಲಿಸಬಹುದು. ಹತ್ತಿರವಿದ್ದವರಿಗೆ ರೋಗ ಹೆಚ್ಚು ತಗಲುತ್ತದೆ. ಆದುದರಿಂದ ಅದು ತೇಲುವ ಕಣದಿಂದ ಬಂದುದಲ್ಲ ಎಂಬುದು ಅವನ ತರ್ಕ. ದೇವರ ಮುಂದೆ ಹಚ್ಚಿದ ಊದಿನಕಡ್ಡಿಯು ಈ ತರ್ಕದ ದೋಷವನ್ನು ತೋರಿಸುತ್ತದೆ. ಅದರ ಹೊಗೆ ಕಡ್ಡಿಯ ಸಮೀಪದಲ್ಲಿ ದಟ್ಟವಾಗಿರುತ್ತದೆ. ದೂರ ಸರಿದಂತೆ ತೆಳುವಾಗುತ್ತದೆ. ಹೊಗೆ ಹತ್ತಿರದಲ್ಲಿ ದಟ್ಟವಾಗಿದೆಯೆಂದ ಮಾತ್ರಕ್ಕೆ ಅದು ತೇಲುವುದಿಲ್ಲವೆಂದು ಯಾರೂ ಹೇಳರು. ಬಾಗಿಲು ಕಿಟಕಿಗಳನ್ನು ಮುಚ್ಚಿದರೆ ಅದೇ ಹೊಗೆ ಕೋಣೆಯನ್ನೆಲ್ಲ ತುಂಬುತ್ತದೆ. ತೆರೆದರೆ ಕ್ಷಣಗಳಲ್ಲಿ ಚದರಿಹೋಗುತ್ತದೆ. ಉಸಿರಿನ ಹನಿಗಳ ನಡೆಯೂ ಇದೇ.

2020ರಲ್ಲಿ ಕೋವಿಡ್ ಜಗತ್ತನ್ನೆಲ್ಲ ಆವರಿಸಿದಾಗ ಈ ಹಳೆಯ ತಪ್ಪಿನ ಬೆಲೆ ಗೊತ್ತಾಯಿತು. ಆ ವರ್ಷದ ಮಾರ್ಚ್ 10ರಂದು ಅಮೆರಿಕದ ವಾಷಿಂಗ್ಟನ್ ರಾಜ್ಯದಲ್ಲಿ ಒಂದು ಗಾಯಕ ಮಂಡಲಿಯು ಹಾಡಿನ ಅಭ್ಯಾಸಕ್ಕಾಗಿ ಸೇರಿತು. ಬಾಗಿಲಿನಲ್ಲಿಯೇ ಕೈಗಳಿಗೆ ಕ್ರಿಮಿನಾಶಕವನ್ನು ಹಚ್ಚಿಕೊಂಡರು; ಕೈಕುಲುಕುವುದನ್ನು ಬಿಟ್ಟರು. ಅಂದಿನ ತಿಳಿವಳಿಕೆಗೆ ತಕ್ಕ ಎಚ್ಚರಿಕೆಯನ್ನು ಅವರು ವಹಿಸಿದ್ದರು. ಎರಡೂವರೆ ಗಂಟೆಗಳ ಕಾಲ ಹಾಡಿ ಮನೆಗೆ ಮರಳಿದರು. ಅಲ್ಲಿದ್ದ 61 ಮಂದಿಯಲ್ಲಿ 53 ಮಂದಿಗೆ ರೋಗ ಬಂದಿತು ಅಥವಾ ಬಂದಿರಬಹುದೆಂದು ನಿರ್ಧಾರವಾಯಿತು. ಇಬ್ಬರು ಮರಣ ಹೊಂದಿದರು. ಕೈಗಳು ಶುಭ್ರವಾಗಿದ್ದವು; ಕೋಣೆಯ ಗಾಳಿ ಶುಭ್ರವಾಗಿರಲಿಲ್ಲ.

ಆದರೂ ಅದೇ ತಿಂಗಳ ಕೊನೆಯಲ್ಲಿ ವಿಶ್ವ ಆರೋಗ್ಯ ಸಂಸ್ಥೆಯು ಕೋವಿಡ್ ಗಾಳಿಯಿಂದ ಹರಡುವ ರೋಗವಲ್ಲವೆಂದು ಸಾರಿತು. ಜನ ಮೇಜು ಕುರ್ಚಿಗಳನ್ನು ಒರಸಿದರು, ಕೊಂಡು ತಂದ ತರಕಾರಿಯನ್ನು ಸಾಬೂನಿನಿಂದ ತೊಳೆದರು. ಕಿಟಕಿಗಳನ್ನು ತೆರೆಯಲು ಮರೆತರು. ಜುಲೈ ತಿಂಗಳಲ್ಲಿ ಗಾಳಿಯ ಪಾತ್ರವನ್ನು ಮನಗಾಣಬೇಕೆಂಬ ಬಹಿರಂಗ ಮನವಿಯೊಂದನ್ನು 239 ವಿಜ್ಞಾನಿಗಳು ಬೆಂಬಲಿಸಿದರು. 2021ರಲ್ಲಿ ಸಂಸ್ಥೆಯು ತನ್ನ ಮಾತನ್ನು ತಿದ್ದಿಕೊಂಡಿತು. 2024ರಲ್ಲಿ ಅದು ತಜ್ಞರೊಡನೆ ಸಮಾಲೋಚಿಸಿ, 5 ಮೈಕ್ರಾನಿನ ಹಳೆಯ ಗಡಿಯನ್ನು ಕೈಬಿಟ್ಟು, ಉಸಿರಿನಿಂದ ಹೊರಡುವ ಕಣಗಳೆಲ್ಲ ಒಂದೇ ಸಾಲಿನಲ್ಲಿ ಕಿರಿದರಿಂದ ಹಿರಿದರವರೆಗೆ ಇರುವುವೆಂದು ಅಂಗೀಕರಿಸಿತು. ವೆಲ್ಸನ ಲೆಕ್ಕ ಪ್ರಕಟವಾಗಿ ಆಗ 90 ವರ್ಷಗಳಾಗಿದ್ದವು.

ಭಾರತಕ್ಕೆ ಈ ವಿಷಯವು ದೂರದ್ದಲ್ಲ. ಜಗತ್ತಿನಲ್ಲಿ ವರ್ಷ ವರ್ಷವೂ ಹೊಸದಾಗಿ ಕ್ಷಯಕ್ಕೆ ಗುರಿಯಾಗುವವರಲ್ಲಿ ಸುಮಾರು ನಾಲ್ಕರಲ್ಲಿ ಒಂದು ಪಾಲು ಭಾರತೀಯರು. ಒಂದು ಕಾಲದಲ್ಲಿ ಕ್ಷಯ ತಗಲಿದವರನ್ನು ಮನೆಮಠಗಳಿಂದ ಬೇರ್ಪಡಿಸಿ ದೂರದ ಆರೋಗ್ಯಧಾಮಗಳಲ್ಲಿ ಇರಿಸುತ್ತಿದ್ದರು. ಅಲ್ಲಿ ಸ್ಥಳ ದೊರೆಯುತ್ತಿದ್ದದ್ದು ಕೆಲವರಿಗೆ ಮಾತ್ರ. 1956ರಲ್ಲಿ ಮದರಾಸಿನ ಕ್ಷಯ ಚಿಕಿತ್ಸಾ ಸಂಶೋಧನ ಕೇಂದ್ರವು ರೋಗಿಗಳಲ್ಲಿ ಒಂದು ಪಂಗಡದವರಿಗೆ ಆರೋಗ್ಯಧಾಮದಲ್ಲಿಯೂ ಇನ್ನೊಂದು ಪಂಗಡದವರಿಗೆ ಅವರವರ ಮನೆಗಳಲ್ಲಿಯೂ ಅದೇ ಔಷಧಗಳನ್ನು ಕೊಟ್ಟು ನೋಡಿತು. ಮನೆಗಳು ಕಿರಿದು, ಬಡತನದ ಸಂಸಾರಗಳು. ಆದರೂ ಮನೆಯಲ್ಲಿ ಔಷಧ ತೆಗೆದುಕೊಂಡವರು ಬಹುಮಟ್ಟಿಗೆ ಅಷ್ಟೇ ಚೆನ್ನಾಗಿ ಗುಣಹೊಂದಿದರು. ಅವರ ಮನೆಯವರಿಗೆ ಅದರಿಂದ ರೋಗದ ಭಯ ಹೆಚ್ಚಲೂ ಇಲ್ಲ. ಔಷಧ ಆರಂಭವಾದೊಡನೆ ಸೋಂಕು ಇಳಿಯುವುದರಿಂದ, ಅಪಾಯವಿದ್ದುದು ಬಹುಪಾಲು ರೋಗ ಪತ್ತೆಯಾಗುವ ಮುಂಚಿನ ದಿನಗಳಲ್ಲಿಯೇ. ಬಾಲ್ಟಿಮೋರಿನ ಗಿನಿಹಂದಿಗಳು ಹೇಳಿದುದನ್ನೇ ಮದರಾಸಿನ ಮನೆಗಳೂ ಹೇಳಿದವು. 1959ರಲ್ಲಿ ಬೆಂಗಳೂರಿನಲ್ಲಿ ಸ್ಥಾಪಿತವಾದ ರಾಷ್ಟ್ರೀಯ ಕ್ಷಯರೋಗ ಸಂಸ್ಥೆಯು, ರೋಗಿಗೆ ಅವನ ಊರಿನ ಬಳಿಯಲ್ಲಿಯೇ ಔಷಧವನ್ನು ಒದಗಿಸುವ ರಾಷ್ಟ್ರೀಯ ಯೋಜನೆಗೆ ರೂಪು ಕೊಟ್ಟಿತು.

ಇಷ್ಟೆಲ್ಲ ತಿಳಿದ ಮೇಲೆ ಮಾಡಬೇಕಾದುದೇನು? ಕಣಗಳು ಹುಟ್ಟುವೆಡೆಯಲ್ಲಿ ಅವನ್ನು ತಡೆಯುವುದು ಮೊದಲನೆಯದು. ಹನಿಗಳು ಬಾಯಿಂದ ಹೊರಟಾಗ ತೇವದಿಂದ ಕೂಡಿ ದೊಡ್ಡದಾಗಿಯೇ ಇರುತ್ತವೆ. ಆಗ ಮುಖಗವಸಿನ ಬಟ್ಟೆಗೂ ಅವುಗಳಲ್ಲಿ ಅನೇಕವು ಸಿಕ್ಕಿಬೀಳುತ್ತವೆ. ಒಣಗಿ ಹನಿಬೀಜವಾದ ಮೇಲೆ ಅವನ್ನು ಹಿಡಿಯಲು ಮುಖಕ್ಕೆ ಒತ್ತಿ ಕೂರುವ ಉತ್ತಮ ತರದ ಗವಸೇ ಬೇಕು. ರೋಗವನ್ನು ಬೇಗ ಗುರುತಿಸಿ ಔಷಧ ಕೊಡುವುದು ಎರಡನೆಯದು. ಗಾಳಿಯನ್ನು ಬದಲಾಯಿಸುತ್ತಿರುವುದು ಮೂರನೆಯದು. ಎಲ್ಲಕ್ಕಿಂತ ಸುಲಭವಾದದ್ದೂ ಅದೇ.

ಗಾಳಿಯ ಈ ಬದಲಾವಣೆಯ ಬೆಲೆಯನ್ನು ಪೆರು ದೇಶದ ಲೀಮಾ ನಗರದಲ್ಲಿ ಅಳೆದು ನೋಡಿದರು. 2007ರಲ್ಲಿ ಪ್ರಕಟವಾದ ಆ ಅಧ್ಯಯನದಲ್ಲಿ ಎಂಟು ಆಸ್ಪತ್ರೆಗಳ 70 ಕೋಣೆಗಳ ಕಿಟಕಿ ಬಾಗಿಲುಗಳನ್ನು ತೆರೆದು ಪರೀಕ್ಷಿಸಿದರು. ಅಲ್ಲಿನ ಗಾಳಿ ಗಂಟೆಗೆ ಸುಮಾರು 28 ಬಾರಿ ಬದಲಾಗುತ್ತಿತ್ತು. ಬೆಲೆಬಾಳುವ ಯಂತ್ರಗಳಿಂದ ಗಾಳಿಯಾಡುವ ಕೋಣೆಗಳಲ್ಲಿ ಅದು 12 ಬಾರಿ. ಇನ್ನೂ ಸೋಜಿಗದ ಸಂಗತಿಯೆಂದರೆ, 1950ಕ್ಕೆ ಮುಂಚೆ ಎತ್ತರವಾದ ಸೂರು, ವಿಶಾಲವಾದ ಕಿಟಕಿಗಳೊಡನೆ ಕಟ್ಟಿದ ಹಳೆಯ ಆಸ್ಪತ್ರೆಗಳಲ್ಲಿ ಅದು ಸುಮಾರು 40 ಬಾರಿ. ಅನಂತರ ಕಟ್ಟಿದ ತಗ್ಗಾದ ಸೂರಿನ ಕಟ್ಟಡಗಳಲ್ಲಿ 17 ಬಾರಿ ಮಾತ್ರ. ಗಂಟೆಗೆ 28 ಬಾರಿ ಗಾಳಿ ಬದಲಾಗುವ ಕೋಣೆಯಲ್ಲಿ ತೇಲುವ ಕಣಗಳು ಐದು ನಿಮಿಷಗಳೊಳಗಾಗಿ ಹತ್ತರಲ್ಲಿ ಒಂದು ಪಾಲಿಗೆ ಇಳಿಯುತ್ತವೆ. ಗಂಟೆಗೆ ಒಂದೇ ಬಾರಿ ಬದಲಾಗುವ ಮುಚ್ಚಿದ ಕೋಣೆಯಲ್ಲಿ ಅಷ್ಟು ಇಳಿಯಲು ಎರಡು ಗಂಟೆಗೂ ಮೀರಿದ ಕಾಲ ಬೇಕು.

ಸಾಂಕ್ರಾಮಿಕ ರೋಗ ಬಂದಾಗಲೆಲ್ಲ ಮನುಷ್ಯನು ಮನುಷ್ಯನಿಗೆ ಹೆದರಿದ್ದಾನೆ. ರೋಗಿಯ ಮನೆಯ ಕಡೆಗೆ ಹೋಗದೆ, ಅವನೊಡನೆ ಮಾತನಾಡದೆ, ಗುಣವಾದ ಮೇಲೂ ಅವನನ್ನು ಹತ್ತಿರ ಸೇರಿಸದೆ ನೋಯಿಸಿದ್ದಾನೆ. ಉಸಿರಿನ ಹನಿಗಳ ಕಥೆಯು ಈ ಭಯಕ್ಕೆ ಎಲ್ಲೆಯನ್ನು ಕಲ್ಪಿಸುತ್ತದೆ. ಶತ್ರುವಾದದ್ದು ಮುಚ್ಚಿದ ಕೋಣೆಯಲ್ಲಿ ನಿಂತ ಗಾಳಿ. ಅದರಲ್ಲಿ ಕುಳಿತ ರೋಗಿಯೂ ಮೊದಲು ಅಂತಹ ಒಂದು ಗಾಳಿಯಿಂದಲೇ ರೋಗವನ್ನು ಪಡೆದವನು. ಊರಿನ ಕೆರೆಯನ್ನು ಶುಚಿಯಾಗಿಡುವುದು ಎಲ್ಲರ ಹೊಣೆಯೆಂದು ಹಿರಿಯರು ಅರಿತಿದ್ದರು. ಶಾಲೆ, ಆಸ್ಪತ್ರೆ, ಕಚೇರಿ, ಬಸ್ಸು, ಮನೆಗಳ ಗಾಳಿಯೂ ಅಂತಹುದೇ ಒಂದು ಕೆರೆ. ಬಿಸಿಲುಕೋಲು ತೋರಿಸಲಾರದಷ್ಟು ಸಣ್ಣ ಕಣಗಳು ಅದರಲ್ಲಿ ತೇಲುತ್ತಿರುತ್ತವೆ. ಅವನ್ನು ಕಣ್ಣಿನಿಂದ ಕಾಣುವಂತಿಲ್ಲ. ತಿಳಿವಿನಿಂದ ಕಾಣಬೇಕು, ಕಂಡು ಕಿಟಕಿಯನ್ನು ತೆರೆಯಬೇಕು.